ಕಣ್ಣಂಚಿಗೆ ಸೂಜಿ ತಾಗುವ ಮುನ್ನ

ಸುಕ್ಕು, ಕಪ್ಪು, ಗುಳಿ, ಉಬ್ಬು: ಕಣ್ಣಿನ ಸುತ್ತ ಕಾಣುವ ವಯಸ್ಸಿಗೆ ಕಾರಣ ಒಂದೇ ಅಲ್ಲ. ಯಾವ ಪದರದಲ್ಲಿ ತೊಂದರೆಯಿದೆ ಎಂದು ಗೊತ್ತಾಗದೆ ಮಾಡಿಸಿಕೊಂಡ ಯಾವ ಚಿಕಿತ್ಸೆಯೂ ಕೈಹಿಡಿಯದು.

1987. ಕೆನಡಾದ ವ್ಯಾಂಕೂವರ್ ನಗರ. ನೇತ್ರತಜ್ಞೆ ಡಾ. ಜೀನ್ ಕ್ಯಾರುಥರ್ಸ್ ಅವರ ಬಳಿ ರೆಪ್ಪೆ ಸೆಳೆತದಿಂದ ಬಳಲುತ್ತಿದ್ದ ಮಹಿಳೆಯೊಬ್ಬರು ಬಂದಿದ್ದರು. ಕಣ್ಣು ತಾನಾಗಿಯೇ ಬಿಗಿದು ಮುಚ್ಚಿಕೊಳ್ಳುವ ಕಾಯಿಲೆ ಅದು. ಬೊಟುಲಿನಮ್ ಟಾಕ್ಸಿನ್ ಎಂಬ ವಿಷವನ್ನು ಅತಿಸಣ್ಣ ಪ್ರಮಾಣದಲ್ಲಿ ಸ್ನಾಯುವಿಗೆ ಚುಚ್ಚಿದರೆ ಕೆಲವು ತಿಂಗಳು ಸೆಳೆತ ನಿಲ್ಲುತ್ತಿತ್ತು. ಆ ಸಲ ವೈದ್ಯೆ ಹುಬ್ಬುಗಳ ನಡುವೆ ಸೂಜಿ ಹಾಕಲಿಲ್ಲ. ಅಲ್ಲಿ ಸೆಳೆತವಿದೆ ಎಂದು ಅವರಿಗೆ ಅನಿಸಿರಲಿಲ್ಲ. ರೋಗಿಗೆ ಬೇಸರವಾಯಿತು. ಅಲ್ಲಿ ಚುಚ್ಚಿದಾಗಲೆಲ್ಲ ತನ್ನ ಮುಖ ನಿರಾಳವಾಗಿ ಕಾಣುತ್ತದೆ ಎಂದು ಆಕೆ ಹೇಳಿದರು. ಜೀನ್ ಅವರ ಪತಿ ಡಾ. ಅಲಸ್ಟೇರ್ ಚರ್ಮರೋಗ ತಜ್ಞರು. ಮನೆಯಲ್ಲಿ ಊಟದ ಹೊತ್ತಿಗೆ ಈ ಮಾತು ಬಂತು. ಅಲ್ಲಿಂದ ಶುರುವಾದ ಅವರಿಬ್ಬರ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಹುಬ್ಬಿನ ನಡುವಿನ ಗೆರೆಗಳಿಗೆ ಬೊಟಾಕ್ಸ್ ಹೆಸರಿನ ಈ ಔಷಧ ಬಳಸಲು 2002ರಲ್ಲಿ, ಕಣ್ಣಂಚಿನ ಸುಕ್ಕುಗಳಿಗೆ ಬಳಸಲು 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಕಣ್ಣಿನ ಕೆಳಗಿನ ಗುಳಿಗೆ ತುಂಬುವ ಫಿಲ್ಲರ್‌ನ ಮೂಲವೂ ಕಣ್ಣೇ. 1934ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣುಗುಡ್ಡೆಯೊಳಗಿನ ಲೋಳೆಯಿಂದ ಹೈಯಲುರಾನಿಕ್ ಆಮ್ಲವನ್ನು ಬೇರ್ಪಡಿಸಿದರು. ನೀರನ್ನು ಹಿಡಿದಿಟ್ಟುಕೊಳ್ಳುವ ಈ ವಸ್ತು ನಮ್ಮ ಚರ್ಮದಲ್ಲೂ ಕೀಲುಗಳಲ್ಲೂ ಇದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಇಂದಿಗೂ ಅದನ್ನು ಬಳಸುತ್ತಾರೆ. ಈಗ ಬ್ಯಾಕ್ಟೀರಿಯಾಗಳ ನೆರವಿನಿಂದ ತಯಾರಿಸಿ, ಬೇಗ ಕರಗದಂತೆ ಗಟ್ಟಿಗೊಳಿಸಿ ಸಿರಿಂಜಿನಲ್ಲಿ ತುಂಬುತ್ತಾರೆ.

ಹೀಗೆ ಇಂದಿನ ಸೌಂದರ್ಯ ಚಿಕಿತ್ಸೆಯ ಎರಡು ದೊಡ್ಡ ಅಸ್ತ್ರಗಳು ಬಂದಿರುವುದು ಕಣ್ಣಿನ ವಿಜ್ಞಾನದಿಂದ. ಮೆಳ್ಳಗಣ್ಣಿಗೆ ಬೊಟುಲಿನಮ್ ವಿಷವನ್ನು ಮೊದಲು ಬಳಸಿದ ಸ್ಯಾನ್ ಫ್ರಾನ್ಸಿಸ್ಕೊದ ಡಾ. ಅಲನ್ ಸ್ಕಾಟ್ ಯಾವ ಸ್ನಾಯು ಎಳೆಯುತ್ತಿದೆ ಎಂದು ಅಳೆದು ನೋಡಿ ಆಮೇಲೆ ಸೂಜಿ ಎತ್ತಿಕೊಳ್ಳುತ್ತಿದ್ದರು. ಚಿಕಿತ್ಸೆ ಲೋಕದ ತುಂಬ ಹರಡಿತು. ಜತೆಗೆ ಬರಬೇಕಾಗಿದ್ದ ಆ ತಾಳ್ಮೆ ಎಲ್ಲ ಕಡೆ ಬರಲಿಲ್ಲ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಕಣ್ಣಿನ ಕಪ್ಪು ತೆಗೆಯುವ, ಸುಕ್ಕು ಬಿಡಿಸುವ ಫಲಕಗಳಿವೆ. ಮದುವೆಯ ದಿನಗಳಲ್ಲಿ ವಧುವಿಗೊಂದು, ವಧುವಿನ ತಾಯಿಗೊಂದು ಪ್ಯಾಕೇಜ್ ಕೂಡ ಸಿಗುತ್ತದೆ. ನಿಮ್ಮ ಕಣ್ಣಿನ ಸುತ್ತ ಇರುವ ತೊಂದರೆ ಯಾವ ಪದರದ್ದು ಎಂದು ಕೇಳುವವರು ಮಾತ್ರ ಕಡಿಮೆ.

ಐದು ಪದರಗಳು

ಚಂದ ಕಾಣಬೇಕೆಂಬ ಆಸೆ ಹಗುರವಾದದ್ದಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಬಂದವರನ್ನೂ ‘ಯಾಕೆ, ಹುಷಾರಿಲ್ವಾ?’ ಎಂದು ಕಚೇರಿಯಲ್ಲಿ ದಿನವೂ ಕೇಳಿದರೆ ಮನಸ್ಸು ಕುಗ್ಗುತ್ತದೆ. ಕಣ್ಣು ನೋಡಿಯೇ ನಾವು ಎದುರಿನವರ ದಣಿವು, ದುಃಖ, ಕೋಪವನ್ನು ಅಳೆಯುತ್ತೇವೆ. ಇಲ್ಲದ ದಣಿವನ್ನು ಮುಖ ಹೇಳುತ್ತಿದ್ದರೆ ಅದನ್ನು ಸರಿಪಡಿಸಿಕೊಳ್ಳಬೇಕು ಅನ್ನಿಸುವುದು ನ್ಯಾಯವೇ. ಹಾಗೆ ಅನ್ನಿಸಿದವರಿಗೆ ಸರಿಯಾದ ಉತ್ತರ ಸಿಗಬೇಕೆಂಬುದೇ ಈ ಬರಹದ ಕಾಳಜಿ.

ದೇಹದಲ್ಲೇ ಅತಿ ತೆಳುವಾದ ಚರ್ಮ ರೆಪ್ಪೆಯದು. ಹೆಚ್ಚೆಂದರೆ ಅರ್ಧ ಮಿಲಿಮೀಟರ್. ಎಣ್ಣೆಯ ಗ್ರಂಥಿಗಳು ಅಲ್ಲಿ ಕಡಿಮೆ, ಹಾಗಾಗಿ ಬೇಗ ಒಣಗುತ್ತದೆ. ಕೆಳಗೆ ಕೊಬ್ಬಿನ ಹಾಸು ಇಲ್ಲವೆನ್ನುವಷ್ಟು ಕಡಿಮೆ. ಚರ್ಮದಡಿಯಲ್ಲೇ ಕಣ್ಣನ್ನು ಸುತ್ತುವರಿದ ವೃತ್ತಾಕಾರದ ಸ್ನಾಯು. ನಿಮಿಷಕ್ಕೆ ಹದಿನೈದು ಸಲ ಕಣ್ಣು ಮಿಟುಕಿಸಿದರೂ ಎಚ್ಚರವಿರುವ ಹದಿನಾರು ಗಂಟೆಗಳಲ್ಲಿ ಹದಿನಾಲ್ಕು ಸಾವಿರ ಸಲ ಆ ಸ್ನಾಯು ದುಡಿಯುತ್ತದೆ. ನಗು, ಬಿಸಿಲಿಗೆ ಕಣ್ಣು ಕಿರಿದು ಮಾಡುವುದು, ಅಳು ಇವೆಲ್ಲ ಅದಕ್ಕೆ ಸೇರಿದ ದುಡಿಮೆ.

ಸ್ನಾಯುವಿನ ಹಿಂದೆ ತೆಳು ಪರದೆಯೊಂದಿದೆ. ಅದು ಕಣ್ಣುಗುಡ್ಡೆಗೆ ಒತ್ತಾಸೆಯಾಗಿರುವ ಕೊಬ್ಬನ್ನು ಹಿಂದಕ್ಕೆ ತಡೆದು ಹಿಡಿದಿರುತ್ತದೆ. ವಯಸ್ಸಾದಂತೆ ಪರದೆ ಸಡಿಲಾಗಿ ಕೊಬ್ಬು ಮುಂದಕ್ಕೆ ಜರುಗುತ್ತದೆ. ಅದೇ ಕಣ್ಣಿನ ಕೆಳಗಿನ ಚೀಲ. ಅದೇ ಹೊತ್ತಿಗೆ ಕೆನ್ನೆಯ ಕೊಬ್ಬು ಕರಗಿ ಇಳಿಯುತ್ತದೆ, ಕಣ್ಣಿನ ಗೂಡಿನ ಮೂಳೆಯ ಅಂಚು ಕೂಡ ಸವೆಯುತ್ತದೆ. ಹೀಗೆ ಉಬ್ಬಿನ ಪಕ್ಕದಲ್ಲೇ ಗುಳಿ ಬೀಳುತ್ತದೆ. ಚರ್ಮ, ಬಣ್ಣ, ಸ್ನಾಯು, ಕೊಬ್ಬು, ಮೂಳೆ: ಈ ಐದರಲ್ಲಿ ಯಾವುದು ಬದಲಾಗಿದೆ ಎಂಬುದೇ ಮೊದಲ ಪ್ರಶ್ನೆ. ಕ್ರೀಮು ಮೇಲಿನ ಚರ್ಮಕ್ಕೆ ಮಾತ್ರ ತಾಗುತ್ತದೆ. ಬೊಟಾಕ್ಸ್ ಸ್ನಾಯುವಿಗೆ. ಫಿಲ್ಲರ್ ಗುಳಿಗೆ. ಮುಂದೆ ಬಂದ ದೊಡ್ಡ ಕೊಬ್ಬಿನ ಚೀಲವನ್ನು ಇವುಗಳಲ್ಲಿ ಯಾವುದೂ ತೆಗೆಯಲಾರದು. ಅದು ಶಸ್ತ್ರಚಿಕಿತ್ಸೆಯ ಕೆಲಸ. ಇದನ್ನು ನೇರವಾಗಿ ಹೇಳುವ ವೈದ್ಯರು ಸಿಕ್ಕರೆ ಅದೃಷ್ಟ.

ಬಿಸಿಲಿನ ಲೆಕ್ಕ

2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಭಾವಚಿತ್ರ ಪ್ರಕಟವಾಯಿತು. ಅಮೆರಿಕದಲ್ಲಿ 28 ವರ್ಷ ಸರಕಿನ ಟ್ರಕ್ ಓಡಿಸಿದ 69ರ ಹರೆಯದ ಚಾಲಕನ ಮುಖ. ಬಲಗೆನ್ನೆ ವಯಸ್ಸಿಗೆ ತಕ್ಕಂತಿತ್ತು. ಎಡಗೆನ್ನೆ ಹತ್ತಾರು ವರ್ಷ ಮುಂದೆ ಹೋದಂತೆ ದಪ್ಪ ನೆರಿಗೆಗಳಿಂದ ಜೋತುಬಿದ್ದಿತ್ತು. ಅಲ್ಲಿ ಚಾಲಕ ಕೂರುವುದು ಎಡಕ್ಕೆ, ಕಿಟಕಿಯೂ ಎಡಕ್ಕೆ. ಅತಿನೇರಳೆ ಕಿರಣಗಳಲ್ಲಿ ‘ಎ’ ಎಂಬ ಬಗೆ ಕಿಟಕಿಯ ಗಾಜನ್ನು ದಾಟಿ ಬಂದು ಚರ್ಮದ ಆಳದ ಕೊಲಾಜೆನ್ ಮತ್ತು ಎಲಾಸ್ಟಿನ್ ಎಳೆಗಳನ್ನು ಹಾಳುಮಾಡುತ್ತದೆ. ಒಂದೇ ಮುಖದ ಎರಡು ಬದಿಗಳು ಕೊಟ್ಟ ಈ ಸಾಕ್ಷ್ಯಕ್ಕಿಂತ ಸ್ಪಷ್ಟವಾದದ್ದು ಬೇಕಿಲ್ಲ. ನಮ್ಮಲ್ಲಿ ಚಾಲಕರ ಬಲಗೆನ್ನೆ ಕಿಟಕಿಯ ಪಕ್ಕದಲ್ಲಿರುತ್ತದೆ, ಲೆಕ್ಕ ಅದೇ.

ಆದ್ದರಿಂದ ಕಣ್ಣಿನ ಸುತ್ತಲಿನ ಮೊದಲ ಚಿಕಿತ್ಸೆ ಕ್ಲಿನಿಕ್ಕಿನಲ್ಲಿಲ್ಲ. ಅತಿನೇರಳೆ ಕಿರಣ ತಡೆಯುವ ಕನ್ನಡಕ, ಅಗಲ ಅಂಚಿನ ಟೋಪಿ ಅಥವಾ ಕೊಡೆ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಮೊದಲು ಬರಬೇಕು. ಕಣ್ಣಿಗೆ ಇಳಿದು ಉರಿಯುತ್ತದೆ ಎನ್ನುವವರಿಗೆ ಜಿಂಕ್ ಆಕ್ಸೈಡ್ ಇರುವ ಬಗೆ ಹಿತ. ಕಂದು ಚರ್ಮಕ್ಕೆ ಇನ್ನೊಂದು ಮಾತು: ಕಣ್ಣಿಗೆ ಕಾಣುವ ಬೆಳಕು ಕೂಡ ನಮ್ಮ ಬಣ್ಣವನ್ನು ಗಾಢವಾಗಿಸುತ್ತದೆ. ಐರನ್ ಆಕ್ಸೈಡ್ ಬೆರೆಸಿದ, ತುಸು ಬಣ್ಣವಿರುವ ಸನ್‌ಸ್ಕ್ರೀನ್ ಅದನ್ನೂ ತಡೆಯುತ್ತದೆ.

ಎರಡನೆಯದು ಟ್ರೆಟಿನಾಯಿನ್. ವಿಟಮಿನ್ ‘ಎ’ ಕುಟುಂಬದ ಈ ಔಷಧ ಮೊದಲು ಮೊಡವೆಗೆ ಬಂದದ್ದು. ಬಿಸಿಲಿಗೆ ಹಾಳಾದ ಚರ್ಮವನ್ನು ಅದು ಸುಧಾರಿಸುತ್ತದೆ ಎಂದು 1988ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡಾ. ಜಾನ್ ವೂರ್ಹೀಸ್ ತಂಡ ಔಷಧವಿಲ್ಲದ ಕ್ರೀಮಿನ ಜತೆ ಹೋಲಿಸಿ ತೋರಿಸಿತು. ಸಣ್ಣ ಸುಕ್ಕುಗಳಿಗೆ ಇಷ್ಟು ಗಟ್ಟಿ ಆಧಾರವಿರುವ ಲೇಪನ ಬೇರೆ ಇಲ್ಲವೆಂದೇ ಹೇಳಬೇಕು. ಆದರೆ ಫಲ ಕಾಣಲು ತಿಂಗಳುಗಳು ಬೇಕು. ಶುರುವಿನಲ್ಲಿ ಚರ್ಮ ಕೆಂಪಾಗಿ ಸುಲಿಯುತ್ತದೆ. ರೆಪ್ಪೆಯ ಮೇಲೆ ಹಚ್ಚದೆ, ವೈದ್ಯರು ಹೇಳಿದಂತೆ ಗೂಡಿನ ಮೂಳೆಯ ಅಂಚಿನವರೆಗೆ ಮಾತ್ರ, ವಾರಕ್ಕೆರಡು ರಾತ್ರಿಯಿಂದ ಆರಂಭಿಸಬೇಕು. ಗರ್ಭಿಣಿಯರು ಮುಟ್ಟಬಾರದು. ಅಂಗಡಿಯ ದುಬಾರಿ ಐ ಕ್ರೀಮುಗಳಲ್ಲಿ ಹೆಚ್ಚಿನವು ಮಾಡುವುದು ತೇವ ಹಿಡಿದಿಡುವ ಕೆಲಸ. ಒಣ ಚರ್ಮದ ಸಣ್ಣ ಗೆರೆಗಳು ತೇವದಿಂದ ಮರೆಯಾಗುವುದು ನಿಜ, ಆದರೆ ಅದು ಅಂದಂದಿನ ಮಾತು.

ಕಪ್ಪಿನಲ್ಲಿ ನಾಲ್ಕು ಬಗೆ

ನಮ್ಮಲ್ಲಿ ಚರ್ಮದ ವೈದ್ಯರ ಬಳಿ ಹೋಗುವವರು ಸುಕ್ಕಿಗಿಂತ ಹೆಚ್ಚಾಗಿ ಹೇಳಿಕೊಳ್ಳುವುದು ಕಣ್ಣಿನ ಕೆಳಗಿನ ಕಪ್ಪಿನ ಬಗ್ಗೆ. ಅದರಲ್ಲೂ ಬಗೆಗಳಿವೆ. ಒಂದು, ಬಣ್ಣದ್ದೇ ಕಪ್ಪು: ಚರ್ಮದಲ್ಲಿ ಮೆಲನಿನ್ ಹೆಚ್ಚಾಗಿರುತ್ತದೆ, ಅಪ್ಪನಿಗೋ ಸೋದರಮಾವನಿಗೋ ಇದ್ದದ್ದು ಮಕ್ಕಳಿಗೂ ಬರುತ್ತದೆ. ಎರಡು, ರಕ್ತನಾಳದ್ದು: ತೆಳು ಚರ್ಮದ ಅಡಿಯಿಂದ ನೀಲಿ ಛಾಯೆ ತೋರುತ್ತದೆ. ಮೂರು, ನೆರಳಿನದು: ಗುಳಿ ಅಥವಾ ಚೀಲದ ನೆರಳು ಬಿದ್ದು ಕಪ್ಪಾಗಿ ಕಾಣುತ್ತದೆ. ನಾಲ್ಕು, ಉಜ್ಜಿ ಬಂದದ್ದು: ಧೂಳಿನ ಅಲರ್ಜಿಗೆ, ಇಸುಬಿಗೆ ಕಣ್ಣುಜ್ಜಿ ಉಜ್ಜಿ ಚರ್ಮ ದಪ್ಪವಾಗಿ ಕಪ್ಪಿಟ್ಟಿರುತ್ತದೆ. ಕಾಡಿಗೆ, ತಲೆಗೂದಲಿನ ಬಣ್ಣ ಒಗ್ಗದೆ ಇದ್ದರೂ ಹೀಗಾಗುತ್ತದೆ.

ಕನ್ನಡಿಯ ಮುಂದೆ ನಿಂತು ಸ್ವಲ್ಪ ಅಂದಾಜು ಮಾಡಿಕೊಳ್ಳಬಹುದು. ಕೆಳರೆಪ್ಪೆಯ ಚರ್ಮವನ್ನು ಮೆಲ್ಲಗೆ ಎಳೆದಾಗ ನೀಲಿ ಗಾಢವಾದರೆ ರಕ್ತನಾಳದ್ದು. ಹಾಗೆಯೇ ಇದ್ದರೆ ಮೆಲನಿನ್ನಿನದು. ಮುಖ ಮೇಲೆತ್ತಿ ಬೆಳಕಿಗೆ ಹಿಡಿದಾಗ ಕಪ್ಪು ಹೋದರೆ ನೆರಳು. ಹೆಚ್ಚಿನವರಲ್ಲಿ ಎರಡು ಮೂರು ಬಗೆ ಬೆರೆತಿರುತ್ತವೆ. ನೆರಳಿಗೆ ಕಪ್ಪು ತೆಗೆಯುವ ಕ್ರೀಮು ಹಚ್ಚಿದರೆ ವರ್ಷ ಹಚ್ಚಿದರೂ ಏನೂ ಆಗದು. ಅಲರ್ಜಿಯ ಕಪ್ಪಿಗೆ ಲೇಸರ್ ಮಾಡಿಸಿದರೆ, ಅಲರ್ಜಿ ನಿಲ್ಲದ ಹೊರತು ಕಪ್ಪು ಮರಳುತ್ತದೆ.

ಇಲ್ಲಿ ನಮ್ಮ ನಾಡಿನ ದೊಡ್ಡ ಅಪಾಯವೊಂದನ್ನು ಹೇಳಲೇಬೇಕು. ಮೆಡಿಕಲ್ ಶಾಪಿನಲ್ಲಿ ಕಪ್ಪಿಗೆಂದು ಕೇಳಿದರೆ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟೀರಾಯ್ಡ್ ಮೂರೂ ಬೆರೆತ ಟ್ಯೂಬು ಕೈಗೆ ಬರುವುದುಂಟು. ಹಚ್ಚಿದ ಕೆಲವೇ ವಾರಗಳಲ್ಲಿ ಮುಖ ಬೆಳಗುತ್ತದೆ. ಅಕ್ಕಪಕ್ಕದವರು, ತಂಗಿ, ನಾದಿನಿ ಎಲ್ಲರೂ ತರಿಸುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ಇನ್ನಷ್ಟು ತೆಳುವಾಗಿ, ರಕ್ತನಾಳಗಳು ಎದ್ದು ಕಾಣುತ್ತವೆ, ಬಿಟ್ಟರೆ ಉರಿ. ರೆಪ್ಪೆಗೆ ದೀರ್ಘಕಾಲ ಹಚ್ಚಿದ ಸ್ಟೀರಾಯ್ಡ್ ಕಣ್ಣಿನೊಳಗಿನ ಒತ್ತಡ ಏರಿಸಿ ಗ್ಲಾಕೊಮಾವನ್ನೂ, ಪೊರೆಯನ್ನೂ ತರಬಲ್ಲದು. ಭಾರತದ ಚರ್ಮರೋಗ ತಜ್ಞರ ಸಂಘ ಇದರ ವಿರುದ್ಧ ವರ್ಷಗಳಿಂದ ಪ್ರಚಾರ ಮಾಡುತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಬಿಳಿಚಿದ ಮುಖಕ್ಕಾಗಿ ಕಣ್ಣು ಕಳೆದುಕೊಳ್ಳುವುದು ಯಾರಿಗೂ ಬೇಡ.

ಸ್ನಾಯುವಿಗೆ ವಿರಾಮ

ನಗುವಾಗ ಮೂಡಿ, ನಗು ನಿಂತ ಮೇಲೆ ಹೋಗುವ ಗೆರೆ ಒಂದು ಬಗೆ. ಮುಖ ಸುಮ್ಮನಿದ್ದಾಗಲೂ ಉಳಿಯುವ ಗೆರೆ ಇನ್ನೊಂದು. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಸೀರೆಯ ಹಾಗೆ ಇದು. ಬೇಗ ತೆಗೆದು ಕೊಡವಿದರೆ ಮಡಿಕೆ ಹೋಗುತ್ತದೆ. ತಡವಾದರೆ ಎಳೆಯೇ ಮುರಿದಿರುತ್ತದೆ. ಬೊಟಾಕ್ಸ್ ಚೆನ್ನಾಗಿ ಕೆಲಸ ಮಾಡುವುದು ಮೊದಲ ಬಗೆಯ ಮೇಲೆ. ನರದ ತುದಿಯಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಬಿಡುಗಡೆಯಾಗದಂತೆ ಅದು ತಡೆಯುತ್ತದೆ. ಮೂರು ನಾಲ್ಕು ದಿನಕ್ಕೆ ಶುರು, ಎರಡು ವಾರಕ್ಕೆ ಪೂರ್ಣ, ಮೂರು ನಾಲ್ಕು ತಿಂಗಳಿಗೆ ಮುಗಿತಾಯ. ಕಣ್ಣಂಚಿಗೆ ಒಂದೊಂದು ಬದಿಗೆ ಮೂರು ಕಡೆ ಚುಚ್ಚಿ, ಬದಿಗೆ 12ರಂತೆ ಒಟ್ಟು 24 ಯೂನಿಟ್ ಕೊಡುವುದು ಬೊಟಾಕ್ಸ್‌ಗೆ ಒಪ್ಪಿಗೆ ಪಡೆದ ಪ್ರಮಾಣ. ಬೇರೆ ಬ್ರಾಂಡಿನ ಯೂನಿಟ್ ಇದಕ್ಕೆ ಸಮವಲ್ಲ. ಹಾಗಾಗಿ ಎಷ್ಟು ಯೂನಿಟ್ ಎಂದು ಕೇಳುವಾಗ ಯಾವ ಬ್ರಾಂಡು ಎಂದೂ ಕೇಳಬೇಕು.

ಔಷಧ ತಪ್ಪು ಜಾಗಕ್ಕೆ ಹರಡಿದರೆ ರೆಪ್ಪೆ ಇಳಿಬೀಳುತ್ತದೆ. ವಾರಗಳಲ್ಲಿ ಸರಿಯಾಗುತ್ತದಾದರೂ ಅಷ್ಟು ದಿನ ಕಷ್ಟ. ಕಣ್ಣು ಒಣಗುವ ತೊಂದರೆಯುಳ್ಳವರಿಗೆ ಮಿಟುಕು ದುರ್ಬಲವಾದರೆ ಉರಿ ಹೆಚ್ಚುತ್ತದೆ. ಕೆಳರೆಪ್ಪೆ ಮೊದಲೇ ಸಡಿಲವಿದ್ದರೆ ಅಲ್ಲಿ ಚುಚ್ಚಿದಾಗ ಅದು ಇನ್ನಷ್ಟು ಜೋತುಬೀಳಬಹುದು. ನರ-ಸ್ನಾಯು ಕಾಯಿಲೆಯುಳ್ಳವರಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಇದು ಬೇಡ. ನಕಲಿ ಮಾಲಿನ ಭಯವೂ ಇದೆ. 2004ರಲ್ಲಿ ಫ್ಲಾರಿಡಾದಲ್ಲಿ ಪರವಾನಗಿಯಿಲ್ಲದ ಟಾಕ್ಸಿನ್ ಚುಚ್ಚಿಸಿಕೊಂಡ ನಾಲ್ವರು ಪಾರ್ಶ್ವವಾಯು ಬಡಿದಂತಾಗಿ ಉಸಿರಾಟದ ಯಂತ್ರಕ್ಕೆ ಒಳಗಾದರು. ಸೀಸೆಯನ್ನು ತಮ್ಮೆದುರೇ ತೆರೆಯಲು ಹೇಳುವುದು ಅತಿಯಲ್ಲ.

ಗುಳಿ ತುಂಬುವಾಗ

ಕಣ್ಣಿನ ಒಳಮೂಲೆಯಿಂದ ಕೆನ್ನೆಯತ್ತ ಇಳಿಯುವ ಗುಳಿಗೆ ಹೈಯಲುರಾನಿಕ್ ಆಮ್ಲದ ಫಿಲ್ಲರ್ ತುಂಬುವುದು ವರ್ಷಗಳಿಂದ ನಡೆದಿದ್ದರೂ, ಎಫ್‌ಡಿಎ ಈ ಜಾಗಕ್ಕೆಂದು ಒಂದು ಫಿಲ್ಲರ್‌ಗೆ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ಸರಿಯಾಗಿ ಕೂತರೆ ನೆರಳು ಕರಗಿ ಮುಖ ತಿಳಿಯಾಗುತ್ತದೆ. ಹೆಚ್ಚಾದರೆ ಊತ, ಮೇಲ್ಪದರಕ್ಕೆ ಬಂದರೆ ನೀಲಿ ಛಾಯೆ. ಮೊದಲೇ ಬೆಳಿಗ್ಗೆ ಕಣ್ಣು ಊದುವವರಿಗೆ, ದೊಡ್ಡ ಚೀಲವಿರುವವರಿಗೆ ಇದು ಹೊಂದದು.

ಎಲ್ಲಕ್ಕಿಂತ ಘೋರವಾದ ಅಪಾಯ ಅಪರೂಪದ್ದು, ಆದರೆ ತಿಳಿದಿರಲೇಬೇಕಾದದ್ದು. ಹುಬ್ಬಿನ ನಡುವಿನ, ಮೂಗಿನ ಪಕ್ಕದ ರಕ್ತನಾಳಗಳಿಗೂ ಕಣ್ಣಿಗೆ ರಕ್ತ ಒಯ್ಯುವ ಅಪಧಮನಿಗೂ ಜೋಡಣೆಯಿದೆ. ಸೂಜಿ ರಕ್ತನಾಳದೊಳಗೆ ಹೊಕ್ಕು ಫಿಲ್ಲರ್ ಒತ್ತಡದಿಂದ ಹಿಂದಕ್ಕೆ ಹರಿದರೆ, ಅಲ್ಲಿಂದ ರಕ್ತದ ಜತೆ ಅಕ್ಷಿಪಟಲದ ನಾಳಕ್ಕೆ ಸೇರಿ ಅದನ್ನು ಮುಚ್ಚುತ್ತದೆ. ದೃಷ್ಟಿ ಹೋಗುತ್ತದೆ, ಹೆಚ್ಚಿನ ಸಲ ಮರಳುವುದಿಲ್ಲ. 2015ರಲ್ಲೇ ಎಫ್‌ಡಿಎ ಈ ಬಗ್ಗೆ ಎಚ್ಚರಿಸಿದೆ. ಚುಚ್ಚುವಾಗಲೇ ಕಣ್ಣು ಮಂಜಾದರೆ, ತೀವ್ರ ನೋವು ಬಂದರೆ, ಚರ್ಮ ಬಿಳಿಚಿದರೆ ಅದು ತುರ್ತು ಸ್ಥಿತಿ. ಆಗಿನ ಲೆಕ್ಕ ಗಂಟೆಗಳದ್ದಲ್ಲ, ನಿಮಿಷಗಳದ್ದು. ಹೈಯಲುರಾನಿಕ್ ಆಮ್ಲವನ್ನು ಕರಗಿಸುವ ಹೈಯಲುರಾನಿಡೇಸ್ ಎಂಬ ಕಿಣ್ವ ಅದೇ ಕೋಣೆಯಲ್ಲಿ ಸಿದ್ಧವಿರಬೇಕು, ಬಳಸುವ ಕೈ ಪಳಗಿರಬೇಕು. ಕರಗಿಸಲಾಗದ ಬೇರೆ ಬಗೆಯ ಫಿಲ್ಲರ್‌ಗಳನ್ನು ಕಣ್ಣಿನ ಕೆಳಗೆ ಹಾಕಿಸಿಕೊಳ್ಳದಿರುವುದೇ ಜಾಣತನ. ಸೂಜಿಯಿಲ್ಲದ ಪೆನ್ನಿನಿಂದ ಮನೆಯಲ್ಲೇ ಫಿಲ್ಲರ್ ಎಂದು ಆನ್‌ಲೈನ್‌ನಲ್ಲಿ ಮಾರುವುದನ್ನು ಬಳಸಬೇಡಿ ಎಂದು 2021ರಲ್ಲಿ ಅದೇ ಸಂಸ್ಥೆ ಹೇಳಿದೆ.

ಲೇಸರ್ ಮತ್ತು ನಮ್ಮ ಬಣ್ಣ

ಅಮೆರಿಕದ ಡಾ. ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ ಚರ್ಮದ ವರ್ಗೀಕರಣದಲ್ಲಿ ಮೊದಲಿಗೆ ಇದ್ದದ್ದು ಬಿಳಿಯರ ಚರ್ಮ. ಕಂದು, ಕಪ್ಪು ಬಗೆಗಳು ಆಮೇಲೆ ಸೇರಿದವು. ಲೇಸರ್‌ಗಳ ಕಥೆಯೂ ಹಾಗೆಯೇ. ಬಿಳಿ ಚರ್ಮದಲ್ಲಿ ಅಳೆದ ಶಕ್ತಿಯನ್ನು ಹಾಗೆಯೇ ನಮ್ಮ ಮೇಲೆ ಬಿಟ್ಟರೆ ಮೆಲನಿನ್ ಆ ಬಿಸಿಯನ್ನು ಹೀರಿ, ಗಾಯ ಮಾಯ್ದ ಜಾಗ ಮೊದಲಿಗಿಂತ ಕಪ್ಪಾಗುತ್ತದೆ. 2004ರಲ್ಲಿ ಬಾಸ್ಟನ್‌ನ ಡೀಟರ್ ಮ್ಯಾನ್‌ಸ್ಟೈನ್ ಮತ್ತು ರಾಕ್ಸ್ ಆ್ಯಂಡರ್ಸನ್ ತಂಡ ತೋರಿಸಿದ ಫ್ರ್ಯಾಕ್ಷನಲ್ ವಿಧಾನದಲ್ಲಿ ಚರ್ಮವನ್ನು ಪೂರ್ತಿ ಸುಡದೆ ಸೂಕ್ಷ್ಮ ಚುಕ್ಕೆಗಳಾಗಿ ಬಿಸಿ ಕೊಡುತ್ತಾರೆ. ನಡುವಿನ ಆರೋಗ್ಯವಂತ ಚರ್ಮ ಬೇಗ ಗಾಯ ಮಾಯಿಸುತ್ತದೆ. ಅಪಾಯ ಇಳಿಯಿತು, ಇಲ್ಲವಾಗಲಿಲ್ಲ. ರೇಡಿಯೋ ತರಂಗದ ಬಿಸಿ ಬಣ್ಣವನ್ನು ಹುಡುಕಿಕೊಂಡು ಹೋಗುವುದಿಲ್ಲವಾದ್ದರಿಂದ ಕಂದು ಚರ್ಮಕ್ಕೆ ಹೆಚ್ಚು ಸುರಕ್ಷಿತ. ಆದರೆ ಅದು ಕೊಡುವ ಬಿಗಿ ಸಾಧಾರಣ. ಜೋತುಬಿದ್ದ ರೆಪ್ಪೆಯನ್ನು ಎತ್ತುತ್ತದೆಂಬ ಭರವಸೆ ನಂಬತಕ್ಕದ್ದಲ್ಲ.

ಲೇಸರ್ ಯಾವುದೇ ಇರಲಿ, ಮೊದಲು ಮರೆಯ ಜಾಗದಲ್ಲಿ ಸಣ್ಣ ಪರೀಕ್ಷೆ ಮಾಡಿ ಕೆಲವು ವಾರ ಕಾಯುವುದು ಒಳ್ಳೆಯದು. ಗೂಡಿನ ಮೂಳೆಯ ಅಂಚಿನೊಳಗೆ, ರೆಪ್ಪೆಯ ಮೇಲೆ ಲೇಸರ್ ಬಿಡುವಾಗ ಕಣ್ಣುಗುಡ್ಡೆಯ ಮೇಲೆ ಲೋಹದ ಕವಚ ಕೂರಿಸಲೇಬೇಕು. ಹೊರಗಿನ ಕನ್ನಡಕ ಸಾಲದು. ತಮ್ಮದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ಪಿಆರ್‌ಪಿ ಎಂಬ ದ್ರವವನ್ನು ಸೂಕ್ಷ್ಮ ಸೂಜಿಗಳಿಂದ ಮುಖಕ್ಕೆ ಸೇರಿಸುವ ವಿಧಾನಕ್ಕೆ ಆಧಾರ ಇನ್ನೂ ದುರ್ಬಲ. ಶುಚಿತ್ವ ಕೆಟ್ಟರೆ ಆಗುವ ಅನಾಹುತಕ್ಕೆ ಮಾತ್ರ ಗಟ್ಟಿ ಆಧಾರವಿದೆ: ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿಯಿಲ್ಲದ ಸ್ಪಾ ಒಂದರಲ್ಲಿ ಈ ಚಿಕಿತ್ಸೆ ಪಡೆದವರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಮಾಡಿತು.

ವಯಸ್ಸಲ್ಲ, ಕಾಯಿಲೆ

ವಯಸ್ಸೆಂದು ತೋರುವ ಕೆಲವು ಗುರುತುಗಳು ಕಾಯಿಲೆಯ ಮುನ್ಸೂಚನೆ. ಒಂದೇ ಕಣ್ಣಿನ ರೆಪ್ಪೆ ಥಟ್ಟನೆ ಇಳಿಬಿದ್ದು, ಜತೆಗೆ ತಲೆನೋವು ಬಂದರೆ ಅಥವಾ ಒಂದು ವಸ್ತು ಎರಡಾಗಿ ಕಂಡರೆ ಮಿದುಳಿನ ರಕ್ತನಾಳದ ತೊಂದರೆ ಇರಬಹುದು. ಅದೇ ದಿನ ಆಸ್ಪತ್ರೆ ಸೇರಬೇಕು. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಜೋಲುವ ರೆಪ್ಪೆ ಮಯಸ್ತೀನಿಯಾ ಎಂಬ ನರ-ಸ್ನಾಯು ಕಾಯಿಲೆಯ ಗುರುತಾಗಿರಬಹುದು. ಅಂಥವರಿಗೆ ಬೊಟಾಕ್ಸ್ ಅಪಾಯಕಾರಿ. ರೆಪ್ಪೆ ಊದಿ ಕಣ್ಣು ಹೊರಚಾಚಿದಂತಿದ್ದರೆ ಥೈರಾಯ್ಡ್ ಪರೀಕ್ಷಿಸಬೇಕು. ಮೂಗಿನ ಬದಿಯ ರೆಪ್ಪೆಯ ಮೇಲೆ ಹಳದಿ ಗಂಟುಗಳಿದ್ದರೆ ಕೊಲೆಸ್ಟ್ರಾಲ್ ನೋಡಿಸಬೇಕು. ಮಾಯದ ಹುಣ್ಣು, ಮತ್ತೆ ಮತ್ತೆ ಅದೇ ಜಾಗದಲ್ಲಿ ಏಳುವ ಕುರು, ರೆಪ್ಪೆಗೂದಲು ಉದುರಿಸುವ ಗಂಟು ಕ್ಯಾನ್ಸರ್ ಆಗಿರಬಹುದು. ರೆಪ್ಪೆಯ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಪಾಶ್ಚಾತ್ಯರಿಗಿಂತ ಭಾರತೀಯರಲ್ಲಿ ಹೆಚ್ಚು. ಇವುಗಳಿಗೆ ಮೊದಲು ಕಾಣಬೇಕಾದವರು ನೇತ್ರತಜ್ಞರು. ಖರ್ಚಿನ ಚಿಂತೆಯಿರುವವರಿಗೆ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಿದೆ, ಜಿಲ್ಲಾ ಆಸ್ಪತ್ರೆಗಳಿವೆ.

ಮುಖವನ್ನು ಯಾರ ಕೈಗೆ ಕೊಡುತ್ತೀರಿ?

ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯ ನಡೆಸಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಕೆಪಿಎಂಇ ಎಂಬ ಆ ನೋಂದಣಿ ಪತ್ರವನ್ನು ಕಾಣುವಂತೆ ಹಾಕಿದ್ದಾರೆಯೇ ನೋಡಿ. ಸೂಜಿ ಹಿಡಿಯುವವರ ಹೆಸರು, ಪದವಿ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಬ್ಯೂಟಿ ಪಾರ್ಲರ್‌ನಲ್ಲಿ ಹುಬ್ಬು ತಿದ್ದಿಸಿಕೊಳ್ಳಬಹುದು, ಇಂಜೆಕ್ಷನ್ ತೆಗೆದುಕೊಳ್ಳಬಾರದು. ‘ನನ್ನ ತೊಂದರೆ ಚರ್ಮದ್ದೇ, ಬಣ್ಣದ್ದೇ, ಸ್ನಾಯುವಿನದೇ, ಕೊಬ್ಬಿನದೇ? ಎಷ್ಟು ಸುಧಾರಿಸಬಹುದು? ಎಷ್ಟು ದಿನ ನಿಲ್ಲುತ್ತದೆ? ಕೆಟ್ಟರೆ ಏನು ಮಾಡುತ್ತೀರಿ? ಏನೂ ಮಾಡಿಸದಿದ್ದರೆ ಏನಾಗುತ್ತದೆ?’ ಎಂದು ಕೇಳಿ. ಮದುವೆಗೆ ವಾರವಿರುವಾಗ ಯಾವುದನ್ನೂ ಮೊದಲ ಸಲ ಮಾಡಿಸಬೇಡಿ. ಊತ ಇಳಿಯಲು, ತಪ್ಪಿದ್ದನ್ನು ತಿದ್ದಲು ಸಮಯವಿರಬೇಕು.

ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸುವ, ಬೆಳಕಿಗೆ ಮುಖ ತಿರುಗಿಸಿ, ಚರ್ಮ ಎಳೆದು, ರೆಪ್ಪೆ ಮುಟ್ಟಿ ನೋಡುವ, ಕಣ್ಣಿನ ಹಳೆಯ ಕಾಯಿಲೆ ವಿಚಾರಿಸುವ ವೈದ್ಯರ ಬಳಿ ಮಾತ್ರ ನಿಲ್ಲಬೇಕು. ಇವತ್ತೇ ಹಣ ಕಟ್ಟಿದರೆ ಅರ್ಧ ಬೆಲೆ ಎನ್ನುವ ಕಡೆಯಿಂದ ಎದ್ದು ಬರಬೇಕು. ಸುಕ್ಕಿಗೆ ಯಾವ ಅವಸರವೂ ಇಲ್ಲ. ಇನ್ನೊಬ್ಬ ವೈದ್ಯರ ಅಭಿಪ್ರಾಯಕ್ಕೆ ಒಂದು ತಿಂಗಳು ಕಾದರೆ ಅದೇನೂ ಓಡಿಹೋಗದು. ಪರೀಕ್ಷಿಸಿ ನೋಡಿ ‘ನಿಮಗೆ ಇದು ಬೇಡ, ಕನ್ನಡಕ ಮತ್ತು ಸನ್‌ಸ್ಕ್ರೀನ್ ಸಾಕು’ ಎಂದು ಹೇಳಿ ಕಳುಹಿಸುವವರಿಗೆ ಕೊಟ್ಟ ಶುಲ್ಕವೇ ಈ ವಿಷಯದಲ್ಲಿ ಸಾರ್ಥಕವಾದ ಮೊದಲ ಖರ್ಚು.